ಕೈ ಕಿವಿಗೆ ಮುಟ್ಟುವ ವಯಸ್ಸು

ನನಗೊಂದು ಕೆಟ್ಟ ಚಟವಿದೆ. ಎಲೆ ಅಡಿಕೆ, ಬೀಡಿ ಸಿಗರೇಟು ಯಾವುದೂ ಅಲ್ಲ. ಅಂಥದ್ದಾಗಿದ್ದರೆ ನಾಲ್ಕು ಜನ ಸ್ನೇಹಿತರಾದರೂ ಸಿಗುತ್ತಿದ್ದರು. ನಾನು ನಿಯಮಾವಳಿ ಓದುತ್ತೇನೆ. ಮೊದಲಿನಿಂದ ಕೊನೆಯವರೆಗೆ, ಸಣ್ಣ ಅಕ್ಷರದಲ್ಲಿರುವುದನ್ನೂ ಬಿಡದೆ ಓದುತ್ತೇನೆ. ಕುಕ್ಕರ್ ಕೊಂಡರೆ ಅದರೊಳಗಿನ ಪುಟ್ಟ ಪುಸ್ತಕ ಮುಗಿಯುವ ತನಕ ಒಲೆಯ ಮೇಲಿಡಲು ಬಿಡುವುದಿಲ್ಲ. ಬಸ್ಸಿನಲ್ಲಿ ಕೂತರೆ ಡ್ರೈವರ್ ತಲೆಯ ಮೇಲೆ ಬರೆದಿರುವುದನ್ನೆಲ್ಲ ಓದಿ, ಅದರಲ್ಲಿ ಯಾವುದನ್ನು ಯಾರು ಮುರಿಯುತ್ತಿದ್ದಾರೆ ಎಂದು ಹಿಂದೆ ತಿರುಗಿ ನೋಡುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಇದನ್ನು ವಿದ್ವತ್ತು ಎಂದು ತಿಳಿದಿದ್ದಳು, ಪಾಪ. ಈಗ ಮನೆಗೆ ಹೊಸ ಸಾಮಾನು ಬಂದರೆ ಮೊದಲು ಅದರ ಕಾಗದಗಳನ್ನು ಅಕ್ಕಿ ಡಬ್ಬಿಯ ಹಿಂದೆ ಬಚ್ಚಿಟ್ಟು ಆಮೇಲೆ ನನ್ನನ್ನು ಕರೆಯುತ್ತಾಳೆ. “ಇವರಿಗೆ ಊಟಕ್ಕೆ ಬಡಿಸಿದ್ರೂ ರೂಲ್ಸ್ ಎಲ್ಲೈತೆ ಅಂತ ಕೇಳ್ತಾರೆ ಕಣೇ” ಎಂದು ಅವಳು ತಂಗಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೂ ಬಿದ್ದಿದೆ. ಇರಲಿ, ಈ ಚಟದಿಂದ ಹೊರಗಿನವರಿಗೇನೂ ತೊಂದರೆಯಿಲ್ಲವಲ್ಲ ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ.

ನಾನು ನ್ಯಾಮತಿ ಕಡೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು. ಆಟಕ್ಕೂ ನನಗೂ ಇದ್ದ ಸಂಬಂಧವೆಂದರೆ ಪತ್ರಿಕೆಯ ಕ್ರೀಡಾಪುಟವನ್ನು ಬೀರುವಿನ ಹಲಗೆಗೆ ಹಾಸುವಷ್ಟು ಮಾತ್ರ. ಎರಡು ವರ್ಷದ ಹಿಂದೆ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ವರ್ಗವಾಗಿ ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ಪ್ರಿನ್ಸಿಪಾಲರು ಸ್ಟಾಫ್ ರೂಮಿಗೆ ಬಂದು ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು. ಉಳಿದವರು ಅನುಭವಸ್ಥರು, ತಟ್ಟನೆ ತಲೆ ಬಗ್ಗಿಸಿ ಉತ್ತರ ಪತ್ರಿಕೆ ತಿದ್ದತೊಡಗಿದರು. ನನ್ನ ತಲೆ ಮಾತ್ರ ಮೇಲಿತ್ತು. “ನೀವು ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತೀರಲ್ರೀ, ಕ್ರೀಡಾ ವಿಭಾಗ ನೀವೇ ನೋಡ್ಕಳ್ರಿ” ಎಂದರು. ನನಗೆ ಬಲಭುಜದ ನೋವು ಇದೆ, ಕೈ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ ಎಂದೆ. ಇದು ನಿಜ. ಬಟ್ಟೆ ಒಣಗಿಸುವ ತಂತಿಗೆ ಕೈ ಎಟುಕುವುದಿಲ್ಲವೆಂದು ಹೇಳಿ ಮನೆಯಲ್ಲಿ ಒಂದು ಕೆಲಸವನ್ನೂ ತಪ್ಪಿಸಿಕೊಂಡಿದ್ದೇನೆ. “ಆಡೋರು ಹುಡುಗ್ರು ಕಣ್ರೀ, ನೀವಲ್ಲ” ಎಂದು ಅವರು ಒಂದು ವಿಸಿಲ್ಲು, ಒಂದು ಬೀಗದ ಕೈ, ಒಂದು ದಪ್ಪ ಪುಸ್ತಕ ಕೊಟ್ಟು ಹೋದರು. ವಿಸಿಲ್ಲು ಊದಿದರೆ ಗಾಳಿ ಬರುತ್ತಿತ್ತೇ ವಿನಾ ಸದ್ದು ಬರುತ್ತಿರಲಿಲ್ಲ. ಬೀಗದ ಕೈ ಯಾವ ಬೀಗಕ್ಕೂ ಹೊಂದಲಿಲ್ಲ. ಪುಸ್ತಕ ಮಾತ್ರ ನನಗೆಂದೇ ಅಚ್ಚು ಹಾಕಿಸಿದಂತಿತ್ತು: ಅಂತರ ಕಾಲೇಜು ಕ್ರೀಡಾಕೂಟಗಳ ನಿಯಮಾವಳಿ.

ಆ ಪುಸ್ತಕವನ್ನು ನಾನು ಎರಡು ಸಲ ಓದಿದೆ. ಆಡುವ ವಿದ್ಯಾರ್ಥಿಗೆ ಆ ವರ್ಷದ ಜುಲೈ ಒಂದನೇ ತಾರೀಖಿಗೆ ಇಪ್ಪತ್ತೈದು ತುಂಬಿರಬಾರದು. ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಸಾಕ್ಷಿ. ಒಂದೇ ವರ್ಷದಲ್ಲಿ ಎರಡು ವಿಶ್ವವಿದ್ಯಾಲಯದ ಪರವಾಗಿ ಆಡಿರಬಾರದು. ಸಂಬಳದ ಕೆಲಸದಲ್ಲಿರಬಾರದು. ಹೀಗೆ ಬಾರದು ಬಾರದು ಎನ್ನುತ್ತಾ ಅದು ಅರವತ್ತು ಪುಟ ಸಾಗುತ್ತದೆ. ಐವತ್ತರ ಹೆಂಗಸು ಬಿ.ಎ.ಗೆ ಸೇರಬಹುದು, ಪರೀಕ್ಷೆ ಬರೆಯಬಹುದು, ಪಾಸಾಗಬಹುದು; ಯಾರದೂ ಅಡ್ಡಿಯಿಲ್ಲ. ಕಾಲೇಜಿನ ಹೆಸರಿನಲ್ಲಿ ನೂರು ಗಜ ಓಡಿದರೆ ಮಾತ್ರ ಅಪರಾಧ. ನನಗೆ ಇದೆಲ್ಲ ಬಹಳ ಹಿಡಿಸಿತು. ಹುಡುಗಿಯರು ಕಾಲೇಜಿನ ಹಿಂದಿನ ಬಯಲಿನಲ್ಲಿ ಖೋ ಖೋ ಅಭ್ಯಾಸ ಮಾಡುವಾಗ ನಾನು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಈ ಪುಸ್ತಕ ಓದುತ್ತಿದ್ದೆ. ಗೋವಿನಕೋವಿಯಿಂದ ಬರುತ್ತಿದ್ದ ಸುಮಾ ತಂಡದ ನಾಯಕಿ. ಅವಳೇ ಎಲ್ಲರನ್ನೂ ಓಡಿಸುತ್ತಿದ್ದಳು, ಅವಳೇ ಬೈಯುತ್ತಿದ್ದಳು. ಒಮ್ಮೆ “ಸಾರ್, ಡೈವ್ ಹೊಡೆಯಾಕೆ ಸ್ವಲ್ಪ ಹೇಳಿಕೊಡ್ರಿ” ಎಂದು ಕೇಳಿದಳು. ನಾನು ಡೈವಿಗೆ ಸಂಬಂಧಿಸಿದ ನಿಯಮವನ್ನು ಓದಿ ಹೇಳಿದೆ. ಆಮೇಲೆ ಅವಳು ನನ್ನನ್ನು ಏನೂ ಕೇಳಲಿಲ್ಲ.

ಇಷ್ಟಾದರೂ ನಮ್ಮ ಹುಡುಗಿಯರು ಹೋದ ವರ್ಷ ಫೈನಲ್ ತನಕ ಹೋದರು. ನನ್ನಿಂದಲ್ಲ, ನಾನಿದ್ದೂ ಹೋದರು. ಫೈನಲ್ಲಿನಲ್ಲಿ ಜಗಳೂರು ಕಡೆಯಿಂದ ಬಂದ ಒಂದು ಕಾಲೇಜು ಅವರನ್ನು ಸೋಲಿಸಿತು. ಕಾಲೇಜು ಎನ್ನುವುದಕ್ಕಿಂತ ಒಬ್ಬಳೇ ಹುಡುಗಿ ಸೋಲಿಸಿದಳು ಎನ್ನಬೇಕು. ಕಪ್ಪಗೆ, ತೆಳ್ಳಗೆ, ಎರಡು ಜಡೆಯನ್ನು ತಲೆಯ ಮೇಲೆ ಎತ್ತಿ ಕಟ್ಟಿಕೊಂಡ ಹುಡುಗಿ. ಬರಿಗಾಲಲ್ಲಿ ಆಡುತ್ತಿದ್ದಳು. ಕಂಬದ ಹತ್ತಿರ ಅವಳು ಮೈಚೆಲ್ಲಿ ಬಿದ್ದಳೆಂದರೆ ನಮ್ಮವಳೊಬ್ಬಳು ಔಟೇ. ಈ ವರ್ಷ ಕೂಟ ಚನ್ನಗಿರಿಯಲ್ಲಿತ್ತು. ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ, ಚಿತ್ರಾನ್ನದ ಡಬ್ಬಿಗಳೊಂದಿಗೆ ನಾವು ಹೋಗಿ ಇಳಿದರೆ ಮೈದಾನದಲ್ಲಿ ಮೊದಲು ಕಂಡದ್ದು ಆ ಎರಡು ಜಡೆಯೇ. ಸುಮಾಳ ಮುಖ ಸಪ್ಪಗಾಯಿತು. ಆದರೂ ಗೆಲ್ಲುತ್ತಾ ಹೋಗಿ, ಮತ್ತೆ ಫೈನಲ್ ತಲುಪಿ, ಮತ್ತೆ ಅವಳೆದುರಿಗೇ ನಿಂತರು. ಎರಡು ಪಾಯಿಂಟಿನಿಂದ ಸೋತರು. ಸೋತ ಮೇಲೆ ಸುಮಾ ಹೋಗಿ ಆ ಹುಡುಗಿಯ ಕೈ ಕುಲುಕಿದಳು, ಇಬ್ಬರೂ ಏನೋ ಹೇಳಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಪ್ರಿನ್ಸಿಪಾಲರು ಆಗಲೇ ಎರಡು ಸಲ ಫೋನು ಮಾಡಿ “ಏನಾತ್ರೀ?” ಎಂದು ಕೇಳಿದ್ದರು. ಶಾಮಿಯಾನದ ಕೆಳಗೆ ಕೂತು ನಾನು ಎಲ್ಲ ಕಾಲೇಜುಗಳ ಅರ್ಹತಾ ಪಟ್ಟಿ ಓದತೊಡಗಿದೆ. ಅಷ್ಟು ಜನ ಮೇಷ್ಟ್ರುಗಳಲ್ಲಿ ಆ ಪಟ್ಟಿಯನ್ನು ಓದಿದವನು ನಾನೊಬ್ಬನೇ ಎಂದು ಧೈರ್ಯವಾಗಿ ಹೇಳಬಲ್ಲೆ.

ಏಳನೇ ಹೆಸರು, ಓಬಮ್ಮ ಟಿ., ಬಿ.ಎ. ಕೊನೆಯ ವರ್ಷ. ಫೋಟೋದಲ್ಲಿ ಎರಡು ಜಡೆ. ಹುಟ್ಟಿದ ತಾರೀಖು ಜೂನ್ ಒಂದು. ಬೆರಳು ಮಡಚಿ ಎಣಿಸಿದೆ. ಜುಲೈ ಒಂದಕ್ಕೆ ಅವಳಿಗೆ ಇಪ್ಪತ್ತೈದು ತುಂಬಿ ಒಂದು ತಿಂಗಳಾಗಿತ್ತು. ಅವರ ಮೇಷ್ಟ್ರು ವರ್ಷವನ್ನು ಎಣಿಸಿದ್ದರು, ತಿಂಗಳನ್ನು ಮರೆತಿದ್ದರು.

ಇಲ್ಲಿ ಸ್ವಲ್ಪ ನಿಂತು ಜೂನ್ ಒಂದರ ಬಗ್ಗೆ ಹೇಳಬೇಕು. ಆ ತಾರೀಖಿನ ವಿಚಾರದಲ್ಲಿ ನಾನು ತಜ್ಞ. ಕಾಲೇಜಿಗೆ ಬರುವ ಮೊದಲು ನಾನು ಜಗಳೂರಿನಾಚೆ ಒಂದು ಹಟ್ಟಿಯಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದೆ. ಎರಡು ಕೋಣೆ, ಇಬ್ಬರು ಮೇಷ್ಟ್ರು. ಹಿರಿಯರು ನಿವೃತ್ತಿಯ ಹತ್ತಿರವಿದ್ದವರು, ದಾಖಲಾತಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟು ನಿಶ್ಚಿಂತರಾಗಿದ್ದರು. ಒಂದು ವರ್ಷ ಮಕ್ಕಳ ಸಂಖ್ಯೆ ಸಾಲದೆ ಎರಡನೇ ಹುದ್ದೆ ರದ್ದಾಗುತ್ತದೆಂಬ ಸುದ್ದಿ ಬಂತು. ಎರಡನೇ ಹುದ್ದೆಯೆಂದರೆ ನಾನು. ಆ ಹಟ್ಟಿಯಲ್ಲಿ ನನಗೆ ಯಾವ ಗಲಾಟೆಯೂ ಇಲ್ಲದೆ ಉಪನ್ಯಾಸಕರ ಪರೀಕ್ಷೆಗೆ ಓದಿಕೊಳ್ಳಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು, ಅದನ್ನು ಬಿಟ್ಟುಹೋಗುವ ಮನಸ್ಸಿರಲಿಲ್ಲ. ಹಾಗಾಗಿ ಮನೆಮನೆಗೆ ಹೋಗಿ ನಡೆಯಲು ಬಂದ ಮಕ್ಕಳನ್ನೆಲ್ಲ ಕರೆದುಕೊಂಡು ಬಂದೆ. ಅಂಗನವಾಡಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದವರನ್ನೂ ಎಬ್ಬಿಸಿಕೊಂಡು ಬಂದೆ. ಆ ಕಾಲಕ್ಕೆ ಹುಟ್ಟಿದ ತಾರೀಖು ಗೊತ್ತಿಲ್ಲದ ಮಗುವಿಗೆ ಒಂದು ಪರೀಕ್ಷೆಯಿತ್ತು: ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಮುಟ್ಟಬೇಕು. ಮುಟ್ಟಿದರೆ ಒಂದನೇ ತರಗತಿಗೆ ವಯಸ್ಸಾಯಿತು ಎಂದರ್ಥ. ಹನ್ನೊಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿದೆ. ಐದಾರು ಮಕ್ಕಳ ಕೈ ಮುಟ್ಟಿತು. ಉಳಿದವರದು ನೆತ್ತಿಯ ತನಕ ಹೋಗಿ ನಿಂತಿತು. ಅವರ ತಲೆಯನ್ನು ನಾನೇ ಸ್ವಲ್ಪ ಬಗ್ಗಿಸಿ, ಕೈಯನ್ನು ಸ್ವಲ್ಪ ಎಳೆದು ಮುಟ್ಟಿಸಿದೆ. ಮಕ್ಕಳು ಇದೊಂದು ಆಟವೆಂದು ಕೇಕೆ ಹಾಕಿ ನಕ್ಕವು. ಆಮೇಲೆ ಹನ್ನೊಂದು ಹೆಸರಿನ ಮುಂದೆಯೂ ಆರು ವರ್ಷ ಹಿಂದಿನ ಜೂನ್ ಒಂದು ಎಂದು ಬರೆದೆ. ಶಾಲೆ ಶುರುವಾಗುವ ದಿನಕ್ಕೆ ಸರಿಯಾಗಿ ಆರು ತುಂಬಲಿ, ಲೆಕ್ಕ ಸುಲಭವಾಗಲಿ ಎಂದು. ಹುದ್ದೆ ಉಳಿಯಿತು, ನಾನು ಪರೀಕ್ಷೆಯನ್ನೂ ಪಾಸು ಮಾಡಿದೆ. ಇಂಥ ಮೇಷ್ಟ್ರುಗಳು ನಮ್ಮಲ್ಲಿ ಬೇಕಾದಷ್ಟಿದ್ದರು. ಈ ಸೀಮೆಯಲ್ಲಿ ಜೂನ್ ಒಂದರಂದು ಹುಟ್ಟಿದವರನ್ನೆಲ್ಲ ಸೇರಿಸಿದರೆ ಒಂದು ಊರೇ ಆದೀತು.

ಹಾಗಾಗಿ ಆ ಪಟ್ಟಿಯಲ್ಲಿ ಜೂನ್ ಒಂದನ್ನು ನೋಡಿದಾಗ ಇದು ಯಾವನೋ ಮೇಷ್ಟ್ರು ಅಂದಾಜಿಗೆ ಗೀಚಿದ ತಾರೀಖು ಎಂದು ನನಗೆ ತಕ್ಷಣ ಗೊತ್ತಾಯಿತು. ಗೊತ್ತಾಗಿಯೂ ಎದ್ದೆ. ಪಂದ್ಯ ಮುಗಿದ ಅರ್ಧ ಗಂಟೆಯೊಳಗೆ ಆಕ್ಷೇಪಣೆಯನ್ನು ಲಿಖಿತವಾಗಿ ಕೊಡಬೇಕೆಂಬ ನಿಯಮವಿದೆ, ಇಪ್ಪತ್ತು ನಿಮಿಷದಲ್ಲಿ ಕೊಟ್ಟೆ. ನನ್ನ ಅಕ್ಷರ ಚೆನ್ನಾಗಿದೆ. ನಿಯಮದ ಸಂಖ್ಯೆ, ಪುಟದ ಸಂಖ್ಯೆ ಎಲ್ಲವನ್ನೂ ಕೆಂಪು ಶಾಯಿಯಲ್ಲಿ ಗೆರೆ ಎಳೆದು ತೋರಿಸಿದೆ. ಮೂರು ಜನರ ತೀರ್ಪು ಸಮಿತಿ ಅಂಕಪಟ್ಟಿ ತರಿಸಿ ನೋಡಿತು. ಅವರಲ್ಲಿ ಹಿರಿಯರೊಬ್ಬರು ಕನ್ನಡಕ ತೆಗೆದು, “ಸರ್, ಇದು ಜೂನ್ ಒಂದು ಐತಲ್ರೀ... ನಿಮಗೆ ಗೊತ್ತಿಲ್ಲದ್ದೇನೈತೆ, ನೋಡ್ರಿ, ವಾಪಸ್ ತಗೊಳ್ಳೋದಾದ್ರೆ ತಗೊಳ್ರಿ” ಎಂದರು. ನಾನು ನಿಯಮ ನಿಯಮವೇ ಎಂದೆ. ಆ ಮಾತು ಹೇಳುವಾಗ ನನಗೆ ಎಂಥ ಸಂತೋಷವಾಯಿತೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಬದುಕಿನಲ್ಲಿ ಮೊದಲ ಸಲ ನನ್ನ ಚಟದಿಂದ ನಾನು ಏನನ್ನೋ ಗೆದ್ದಿದ್ದೆ. ಅನರ್ಹ ಆಟಗಾರ್ತಿಯನ್ನು ಆಡಿಸಿದ್ದಕ್ಕಾಗಿ ಅವರ ಇಡೀ ತಂಡವನ್ನು ಕೈಬಿಟ್ಟು, ನಮ್ಮ ಕಾಲೇಜನ್ನು ವಿಜೇತ ಎಂದು ಮೈಕಿನಲ್ಲಿ ಕೂಗಿದರು. ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಕಪ್ಪು ತೆಗೆದುಕೊಳ್ಳಲು ಸುಮಾಳನ್ನು ಕರೆದರು. ಅವಳು ಏಳಲಿಲ್ಲ. “ನೀವೇ ತಗಳ್ರಿ ಸಾರ್, ನೀವೇ ಗೆದ್ದಿದ್ದು” ಎಂದಳು. ನಾನೇ ಹೋಗಿ ತೆಗೆದುಕೊಂಡೆ. ಫೋಟೋದವರು ಕಪ್ಪನ್ನು ಮೇಲೆ ಎತ್ತಿ ಹಿಡಿಯಿರಿ ಎಂದರು. ನನ್ನ ಕೈ ಕಿವಿಯ ಮಟ್ಟಕ್ಕೇ ನಿಂತಿತು.

ಚಿತ್ರಾನ್ನವನ್ನು ಯಾರೂ ಮುಟ್ಟಲಿಲ್ಲ. ನಾನೊಬ್ಬನೇ ಒಂದು ಡಬ್ಬಿ ಬಿಚ್ಚಿಕೊಂಡು ಕೂತಿದ್ದಾಗ ಆ ಹುಡುಗಿ ಬಂದು ಎದುರಿಗೆ ನಿಂತಳು. ಜಗಳಕ್ಕೆ ಬಂದಳೆಂದು ನಾನು ಪುಸ್ತಕವನ್ನು ಹತ್ತಿರ ಎಳೆದುಕೊಂಡೆ. ಅವಳು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.

“ಗುರ್ತು ಸಿಗ್ಲಿಲ್ಲೇನ್ರೀ ಸಾ? ನಾನ್ರೀ, ತಿಪ್ಪಕ್ಕನ ತಂಗಿ ಓಬಿ. ಹಟ್ಟಿ ಸಾಲಿಯಾಗೆ ಒಂದ್ನೇ ಕ್ಲಾಸಿಗೆ ನೀವೇ ಸೇರಿಸ್ಕಂಡಿದ್ರಲ್ರೀ.”

ಚಿತ್ರಾನ್ನದ ಡಬ್ಬಿ ಮುಚ್ಚಿದೆ. ಅಕ್ಕನ ಲಂಗ ಹಿಡಿದುಕೊಂಡು ಬರುತ್ತಿದ್ದ, ಮೂಗು ಸೋರುವ ಒಂದು ಮಗು ನೆನಪಾಯಿತು. ಎಲ್ಲರಿಗಿಂತ ಜೋರಾಗಿ ಕೇಕೆ ಹಾಕಿ ನಕ್ಕಿದ್ದು ಅದೇ. ಅವಳು ಈಗಲೂ ನಗುತ್ತಲೇ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿಯನ್ನು ಹಿಡಿದು ತೋರಿಸಿದಳು. “ಆವತ್ತು ಮುಟ್ಟಿರ್ಲಿಲ್ರೀ ಸಾ. ನೀವೇ ತಲೆ ಬಗ್ಗಿಸಿ ಮುಟ್ಟಿಸಿದ್ರಿ. ನಮ್ಮವ್ವ ಈಗ್ಲೂ ಹೇಳ್ತಿರ್ತಾಳೆ, ನಿಂಗೆ ಇನ್ನಾ ನಾಕೂವರೆ ವರ್ಸ ಆಗಿತ್ತು, ಮೇಷ್ಟ್ರು ಭಾರಿ ಒಳ್ಳೇರು, ಸೇರಿಸ್ಕಂಡ್ರು ಅಂತ.”

ಆಮೇಲೆ ನಗು ನಿಲ್ಲಿಸಿ ವಿಷಯ ಹೇಳಿದಳು. ಪಿಯುಸಿ ಮುಗಿಸಿ ಐದು ವರ್ಷ ತಾಯಿಯ ಜೊತೆ ಕೂಲಿಗೆ ಹೋಗಿ, ಹಟ ಹಿಡಿದು ಡಿಗ್ರಿಗೆ ಸೇರಿದವಳು ಅವಳು. ಖೋ ಖೋ ಒಂದೇ ಅವಳಿಗಿದ್ದ ದಾರಿ. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಪ್ರಮಾಣಪತ್ರ ಸಿಕ್ಕರೆ ಪೊಲೀಸ್ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕಬಹುದಿತ್ತು. ಹೋದ ವರ್ಷ ತಂಡಕ್ಕೆ ಆಯ್ಕೆಯಾದಾಗ ತಾಯಿಗೆ ಆಪರೇಷನ್ನು, ಹೋಗಲಾಗಲಿಲ್ಲ. ಈ ವರ್ಷವೇ ಕೊನೆ. “ಅಂಗನವಾಡಿ ಬುಕ್ಕಿನಾಗೆ ನಂದು ನಿಜವಾದ ತಾರೀಖು ಐತ್ರೀ ಸಾ. ಅಲ್ಲಿ ಟೀಚರಮ್ಮ ಈಗ ಫೋನಿನಾಗೆ ಬರ್ಕೊಡ್ತೀನಿ ಅಂದಾರೆ. ಸಾಲಿಯಾಗೆ ಅಂದಾಜಿನ ಮ್ಯಾಲೆ ಬರ್ಕಂಡಿದ್ದು ಅಂತ ನೀವೊಂದು ಕಾಗದ ಕೊಟ್ರೆ ಯೂನಿವರ್ಸಿಟಿಗೆ ಕಳಿಸ್ತೀನ್ರಿ. ಹತ್ತು ದಿನ ಟೈಮ್ ಐತಂತೆ. ಕಪ್ಪು ನೀವೇ ಇಟ್ಕಳ್ರಿ ಸಾ, ನಂಗೆ ಆಡಾಕೆ ಬಿಟ್ರೆ ಸಾಕು.”

ನಾನು ಪುಸ್ತಕ ತೆಗೆದು, ಪುಟ ಹುಡುಕಿ, ಓದಿ ಹೇಳಿದೆ. “ವಯಸ್ಸಿಗೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೇ ಅಂತಿಮ. ನಿಯಮದಲ್ಲಿ ಅವಕಾಶ ಇಲ್ಲಮ್ಮ.” ಅವಳು ಪುಸ್ತಕವನ್ನೂ ನನ್ನನ್ನೂ ನೋಡಿದಳು. “ನೀವು ಹೇಳಿದ್ ಮ್ಯಾಲೆ ಮುಗೀತ್ರೀ ಸಾ. ನೀವು ಓದಿದೋರು” ಎಂದು ಹೊರಟುಹೋದಳು. ಒಂದು ಮಾತು ಬೈದಿದ್ದರೂ ನನಗೆ ಅನುಕೂಲವಾಗುತ್ತಿತ್ತು.

ಓದುಗರೇ, ಆ ಪುಟದಲ್ಲಿ ಅಷ್ಟೇ ಇರಲಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಶಾಲೆಯ ಮೊದಲ ದಾಖಲಾತಿಯಲ್ಲಿ ತಾರೀಖು ಬರೆದವರೇ ಅದು ತಪ್ಪೆಂದು ಲಿಖಿತವಾಗಿ ಒಪ್ಪಿಕೊಂಡು, ಜನನದ ಬೇರೆ ದಾಖಲೆಯೂ ಇದ್ದರೆ, ಸಮಿತಿ ಮರುಪರಿಶೀಲನೆ ಮಾಡಬಹುದು. ಅಂಥ ಸಾಲನ್ನು ನೋಡುವುದಕ್ಕಾಗಿಯೇ ಹುಟ್ಟಿದವನು ನಾನು. ಕುಕ್ಕರ್ ಪುಸ್ತಕದ ಕೊನೆಯ ಪುಟವನ್ನೂ ಬಿಡದವನು ಆ ಹೊತ್ತು ಮೊದಲ ಸಾಲಿಗೇ ನಿಲ್ಲಿಸಿ ಪುಸ್ತಕ ಮುಚ್ಚಿದೆ.

ಮನೆಗೆ ಬಂದು ಎರಡನೇ ದಿನಕ್ಕೆ ನನಗೆ ತಡೆಯಲಾಗದೆ ಕಾಗದ ಬರೆದೆ. ಹುದ್ದೆ ಉಳಿಸಿಕೊಳ್ಳಲು ವಯಸ್ಸು ಸಾಲದ ಮಕ್ಕಳನ್ನು ಸೇರಿಸಿಕೊಂಡೆ, ತಾರೀಖು ನಾನೇ ಕಟ್ಟಿ ಬರೆದದ್ದು ಎಂದು ಮುಚ್ಚುಮರೆಯಿಲ್ಲದೆ ಬರೆದೆ. ಬರೆದವನು ಸುಮ್ಮನೆ ಅಂಚೆಗೆ ಹಾಕಬೇಕಿತ್ತು. ನಿಯಮದ ಪ್ರಕಾರ ಮೇಲಧಿಕಾರಿಗಳಿಗೆ ತಿಳಿಸಬೇಕಲ್ಲ ಎಂದು ಪ್ರಿನ್ಸಿಪಾಲರಿಗೆ ತೋರಿಸಿದೆ. ಅವರು ಓದಿ ಬಾಗಿಲು ಹಾಕಿಕೊಂಡು ಬಂದರು. “ತಲೆ ಕೆಟ್ಟೈತೇನ್ರೀ ನಿಮಗೆ? ಸರ್ಕಾರಿ ದಾಖಲೇಲಿ ಸುಳ್ಳು ಬರ್ದಿದೀನಿ ಅಂತ ನೀವೇ ಸಹಿ ಮಾಡಿ ಕೊಡ್ತೀರಲ್ಲ. ಆ ಹನ್ನೊಂದು ಜನಾನೂ ನಾಳೆ ನಿಮ್ಮ ಮನೆ ಮುಂದೆ ನಿಲ್ತಾರೆ. ಕಪ್ಪು ಬೇರೆ ವಾಪಸ್ ಹೋಗ್ತೈತೆ. ಮಂಡೇ ಎಂ.ಎಲ್.ಎ. ಸಾಹೇಬ್ರು ಬಂದು ಕಪ್ಪು ನೋಡ್ತಾರೆ ಕಣ್ರೀ.” ಯೋಚನೆ ಮಾಡಿ ಎಂದರು. ನಾನು ಯೋಚನೆ ಮಾಡಿದೆ. ಯೋಚನೆ ಮಾಡುತ್ತಾ ಸೋಮವಾರ ಬಂತು, ಎಂ.ಎಲ್.ಎ. ಬಂದರು, ಕಪ್ಪು ನೋಡಿ ನನ್ನ ಬೆನ್ನು ತಟ್ಟಿದರು. ಇನ್ನೂ ಯೋಚನೆ ಮಾಡುತ್ತಲೇ ಇದ್ದಾಗ ಹತ್ತು ದಿನ ಮುಗಿದುಹೋಯಿತು. ಕಾಗದವನ್ನು ನಿಯಮಾವಳಿಯ ಅದೇ ಪುಟದ ನಡುವೆ ಇಟ್ಟೆ.

ಓಬಮ್ಮನ ಸುದ್ದಿ ಈಗ ನನಗೆ ಸುಮಾಳಿಂದ ಬರುತ್ತದೆ. ನನಗೆಂದು ಅವಳು ಹೇಳುವುದಿಲ್ಲ, ನನಗೆ ಕೇಳಿಸುವಷ್ಟು ಜೋರಾಗಿ ಗೆಳತಿಯರಿಗೆ ಹೇಳುತ್ತಾಳೆ. ಓಬಮ್ಮಕ್ಕ ಪರೀಕ್ಷೆ ಬರೆದು ಮತ್ತೆ ಕೂಲಿಗೆ ಹೋಗುತ್ತಿದ್ದಾಳಂತೆ. ಸಂಜೆ ಹಟ್ಟಿಯ ಶಾಲೆಯ ಮಕ್ಕಳಿಗೆ ಖೋ ಖೋ ಕಲಿಸುತ್ತಾಳಂತೆ. ಜೂನ್ ತಿಂಗಳಲ್ಲಿ ಮಕ್ಕಳನ್ನು ಸೇರಿಸಿಕೊಳ್ಳುವ ದಿನ ಮೇಷ್ಟ್ರ ಪಕ್ಕದಲ್ಲಿ ಹೋಗಿ ನಿಂತು, “ತಾರೀಖು ನೋಡ್ಕಂಡು ಬರೀರಿ ಸಾ” ಎಂದು ಒಂದೊಂದು ಮಗುವಿಗೂ ಹೇಳಿ ಬರೆಸುತ್ತಾಳಂತೆ. ಅಲ್ಲಿನ ಮೇಷ್ಟ್ರಿಗೆ ಅವಳ ಕಾಟ ತಡೆಯಲಾಗುತ್ತಿಲ್ಲವಂತೆ.

ಮೊನ್ನೆ ಮನೆ ಗುಡಿಸುವಾಗ ನಿಯಮಾವಳಿಯಿಂದ ಜಾರಿ ಬಿದ್ದ ಆ ಕಾಗದ ನನ್ನ ಹೆಂಡತಿಯ ಕೈಗೆ ಸಿಕ್ಕಿತು. ಯಾವ ಕಾಗದವನ್ನೂ ಎರಡು ಸಾಲಿಗಿಂತ ಹೆಚ್ಚು ಓದದ ಅವಳು ಕಸಬರಿಗೆ ಹಿಡಿದುಕೊಂಡೇ ಅದನ್ನು ಕೊನೆಯವರೆಗೂ ಓದಿದಳು. ಬೈಯುತ್ತಾಳೆಂದು ಕಾದೆ. “ಇದನ್ನ ಯಾಕ್ರೀ ಕಳಿಸಲಿಲ್ಲ?” ಎಂದಳು, ಅಷ್ಟೇ. ಭುಜ ನೋವು, ಅಂಚೆ ಕಚೇರಿ ದೂರ, ಅವಧಿ ಮುಗಿದಿತ್ತು, ಏನೇನೋ ಹೇಳಿದೆ. ಅವಳು ಕಾಗದವನ್ನು ಮಡಚಿ ನನ್ನ ಮುಂದೆ ಇಟ್ಟು ಒಳಗೆ ಹೋದಳು.

ನಾನು ಎದ್ದು ಕನ್ನಡಿಯ ಮುಂದೆ ನಿಂತೆ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ನೋಡಿದೆ. ಭುಜ ಚುರುಕ್ ಎಂದಿತು, ಬೆರಳು ಬಲಗಿವಿಯ ಹತ್ತಿರವೇ ನಿಂತಿತು. ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆದರೂ ನೆತ್ತಿ ದಾಟಲಿಲ್ಲ. ನಾನೇ ನಡೆಸುತ್ತಿದ್ದ ಪರೀಕ್ಷೆಯ ಪ್ರಕಾರ ನನಗಿನ್ನೂ ಒಂದನೇ ತರಗತಿಗೆ ಸೇರುವ ವಯಸ್ಸಾಗಿಲ್ಲ. ತಲೆಯನ್ನು ಸ್ವಲ್ಪ ತಗ್ಗಿಸಿದ್ದರೆ ಮುಟ್ಟುತ್ತಿತ್ತೋ ಏನೋ. ಐದಾರು ಮಕ್ಕಳ ತಲೆ ಬಗ್ಗಿಸಿದ್ದೇನೆ, ನನ್ನದನ್ನು ಬಗ್ಗಿಸಿ ನನಗೆ ಅಭ್ಯಾಸವಿಲ್ಲ.